ಕಪಾಟಿನ ಮೇಲಿನ ಸರ್ವರ್

ನಮ್ಮ ಮನೆಯ ಗಿಟ್ ಸರ್ವರ್ (ಗೆಳೆಯರ ಕೋಡನ್ನೂ ಅದರ ಬದಲಾವಣೆಗಳ ಇತಿಹಾಸವನ್ನೂ ಕಾಪಿಡುವ ಯಂತ್ರ) ಎಂದರೆ ಪುಸ್ತಕದ ಕಪಾಟಿನ ಮೇಲೆ ಕುಳಿತಿರುವ, ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್. ಕರೆಂಟ್ ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ಈಗೀಗ ಇಪ್ಪತ್ತು ನಿಮಿಷ ತಡೆದರೆ ದೊಡ್ಡದು.

ಮೊದಲು ನಡೆಸುತ್ತಿದ್ದುದು ಇದೇ ಕೆಲಸದ ಹಳೆಯ ವ್ಯವಸ್ಥೆ, ಸಬ್‌ವರ್ಶನ್. ಎಸ್‌ವಿಎನ್‌ಸರ್ವ್ ಎಂಬ ಪುಟ್ಟ ಪ್ರೋಗ್ರಾಂ 3690ನೇ ಪೋರ್ಟ್‌ನಲ್ಲಿ, ಅಂದರೆ ನೆಟ್‌ವರ್ಕ್‌ನ ಆ ಸಂಖ್ಯೆಯ ಬಾಗಿಲಲ್ಲಿ, ಕಾಯುತ್ತಿತ್ತು. ಒಂದು ದಿನ ಅದರ ಪಾಸ್‌ವರ್ಡ್ ಕಡತ ತೆರೆದು ನೋಡಿ ಎದೆ ಝಲ್ಲೆಂದಿತು. ಗೆಳೆಯರೆಲ್ಲರ ಪಾಸ್‌ವರ್ಡ್‌ಗಳೂ ಮುಸುಕಿಲ್ಲದೆ, ಸಾಲಾಗಿ, ಓದುವ ಹಾಗೆಯೇ ಇದ್ದವು! (ಒಬ್ಬನದು ಅವನ ಬೈಕ್ ನಂಬರು.)

ಗಿಟ್‌ಗೆ ಬಂದ ಮೇಲೆ ಅದರದೇ ಸರ್ವರ್ ಪ್ರೋಗ್ರಾಂ ಗಿಟ್ ಡೀಮನ್ ಹಚ್ಚಿದೆ, ಪೋರ್ಟ್ 9418. ಅದು ‘ಯಾರು ನೀನು’ ಎಂದು ಕೇಳುವುದೇ ಇಲ್ಲ. ಓದಲು ಬರುವವರಿಗೆ ಸರಿ, ಬರೆಯಲೂ ಬಿಟ್ಟರೆ ಬಾಗಿಲಿಲ್ಲದ ಮನೆ. ಕೊನೆಗೆ, ಬಂದವರನ್ನು ಅವರವರ ‘ಕೀ’ ಕಡತದಿಂದ ಗುರುತಿಸಿ ಒಳಬಿಡುವ ಸುರಕ್ಷಿತ ಸಂಪರ್ಕ ಎಸ್‌ಎಸ್‌ಎಚ್‌ಗೆ ಶರಣಾದೆ. ಸರ್ವರ್‌ನಲ್ಲಿ ‘ಗಿಟ್’ ಎಂಬ ಒಬ್ಬನೇ ಬಳಕೆದಾರ, ಅವನ ಕೈಗೆ ಗಿಟ್ ಆಜ್ಞೆಗಳನ್ನಷ್ಟೇ ಒಪ್ಪುವ ಗಿಟ್-ಶೆಲ್ ಮಾತ್ರ. ಕೋಡ್ ಕೊಡಬಹುದು, ಒಯ್ಯಬಹುದು, ಮನೆಯೊಳಗೆ ಅಡ್ಡಾಡುವಂತಿಲ್ಲ.

ಕಳೆದ ತಿಂಗಳು ಒಬ್ಬ ಗೆಳೆಯನ ಪುಶ್ (ಸರ್ವರ್‌ಗೆ ಕೋಡ್ ಕಳಿಸುವುದು) ‘ಅನುಮತಿ ಇಲ್ಲ’ ಎಂದು ವಾಪಸಾಯಿತು. ಎರಡು ಗಂಟೆ ಅವನ ಕೀಯನ್ನೇ ಶಂಕಿಸಿದೆ. ತಪ್ಪು ನನ್ನದು: ಹಿಂದಿನ ರಾತ್ರಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ರೆಪೊಸಿಟರಿ, ಅಂದರೆ ಕೋಡಿನ ಕಣಜ, ಗುಡಿಸಿದ್ದೆ, ಆಬ್ಜೆಕ್ಟ್ಸ್ ಫೋಲ್ಡರಿನ ಅರ್ಧ ರೂಟ್‌ನ ಸೊತ್ತಾಗಿ, ‘ಗಿಟ್’ ಬಳಕೆದಾರ ಅಲ್ಲಿ ಬರೆಯದಂತಾಗಿತ್ತು. ಕಡತಗಳ ಒಡೆಯನನ್ನು ಬದಲಿಸುವ ಒಂದು ಚೌನ್ ಆಜ್ಞೆಗೆ ಎಲ್ಲ ಸರಿಹೋಯಿತು.

ಮೊನ್ನೆಯ ನಿಲುಗಡೆಗೆ ಮಾತ್ರ ಅಮ್ಮ ಕಾರಣ. ಧೂಳು ಒರೆಸಿ ಮುಚ್ಚಳ ಮುಚ್ಚಿದ್ದರು; ಸರ್ವರ್ ನಿದ್ದೆಹೋಗಿತ್ತು.