‘ಆಪರೇಷನ್ಸ್ ಅಂದ್ರೆ ಏನ್ ಮಾಡ್ತೀರಿ?’ ಅಂತ ಕೇಳುವವರಿಗೆಲ್ಲ

ಕಳೆದ ತಿಂಗಳು ತುಮಕೂರಿನಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಎಲೆಗೆ ಇನ್ನೂ ಉಪ್ಪು ಬಿದ್ದಿರಲಿಲ್ಲ, ಪಕ್ಕದಲ್ಲಿದ್ದ ದೊಡ್ಡಪ್ಪ ಶುರು ಮಾಡಿದರು. "ಅಲ್ಲ ಕಣಮ್ಮ, ಆಪರೇಷನ್ಸ್ ಹೆಡ್ ಅಂತೀಯ. ಅಂದ್ರೆ ಏನ್ ಮಾಡ್ತೀಯ? ಇಷ್ಟು ಓದಿ ರಾಯಚೂರಿಗೆ ಹೋಗಿ ಇದ್ದಿಲು ಸುಡಿಸ್ತೀಯಂತೆ?"

ಇದೇ ಪ್ರಶ್ನೆಯನ್ನು ಬ್ಯಾಂಕಿನಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ಕಾಲೇಜು ಗೆಳತಿಯರ ವಾಟ್ಸಾಪ್ ಗುಂಪಿನಲ್ಲಂತೂ ಲೆಕ್ಕವೇ ಇಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಅದರ ಬಾಲ ನನ್ನನ್ನು ಜಾಸ್ತಿ ಕೆಣಕುತ್ತದೆ. "ಅಂದ್ರೆ ಬರೀ ಮೇಲ್ವಿಚಾರಣೆ, ಅಲ್ವಾ?" ಆ ‘ಬರೀ’ ಅನ್ನುವುದನ್ನು ದಯವಿಟ್ಟು ಬಿಡಿ. ಯಂತ್ರ ಕಂಡುಹಿಡಿದವರು ಕೆಲಸ ಮಾಡಿದರು, ಹಣ ತಂದವರು ಕೆಲಸ ಮಾಡಿದರು, ಉಳಿದದ್ದೆಲ್ಲ ತಾನಾಗಿ ಆಯಿತು ಅಂತ ಜನ ನಂಬಿದ್ದಾರೆ. ನಾವು ಇದ್ದಿಲು ಮಾಡುವ ಹತ್ತಿ ಕಟ್ಟಿಗೆ ತಾನಾಗಿ ಎದ್ದು ಲಾರಿ ಹತ್ತುವುದಿಲ್ಲ.

ಕೆಲಸ ಏನು ಅಂತ ಚಿಕ್ಕದಾಗಿ ಹೇಳುತ್ತೇನೆ. ರಾಯಚೂರು ಕಡೆ ಹತ್ತಿ ಬಿಡಿಸಿ ಮುಗಿಯುವಾಗ ಜನವರಿ, ಫೆಬ್ರವರಿ ಆಗುತ್ತದೆ. ಹೊಲದಲ್ಲಿ ಕಟ್ಟಿಗೆ ಹಾಗೇ ನಿಂತಿರುತ್ತದೆ. ಅದರಲ್ಲಿ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಹುಳು ಅಡಗಿ ಕೂತು ಮುಂದಿನ ಬೆಳೆಗೂ ಬರುತ್ತದೆ. ಹಾಗಾಗಿ ಕಿತ್ತು ತೆಗೆಯಿರಿ ಅಂತ ಕೃಷಿ ಇಲಾಖೆ ಹೇಳುತ್ತದೆ. ರೈತರು ಕೀಳುತ್ತಾರೆ, ಗುಡ್ಡೆ ಹಾಕುತ್ತಾರೆ, ಬೆಂಕಿ ಇಡುತ್ತಾರೆ. ಗಿಡ ಇಷ್ಟು ತಿಂಗಳು ಗಾಳಿಯಿಂದ ಹೀರಿಕೊಂಡ ಕಾರ್ಬನ್ ಒಂದೇ ಸಂಜೆಗೆ ವಾಪಸ್ ಗಾಳಿಗೆ ಹೋಗುತ್ತದೆ.

ನಾವು ಆ ಕಟ್ಟಿಗೆ ಕೊಳ್ಳುತ್ತೇವೆ. ಕತ್ತರಿಸಿ, ಗಾಳಿ ಹೆಚ್ಚು ಆಡದ ಭಟ್ಟಿಯಲ್ಲಿ 500 ಡಿಗ್ರಿ ದಾಟುವಂತೆ ಕಾಯಿಸುತ್ತೇವೆ. ಉಳಿಯುವ ಇದ್ದಿಲೇ ಬಯೋಚಾರ್. ತಿಪ್ಪೆಗೊಬ್ಬರದ ಜೊತೆ ಬೆರೆಸಿ ಹೊಲಕ್ಕೆ ಹಾಕಿದರೆ ಅದರ ಬಹುಪಾಲು ಕಾರ್ಬನ್ ನೂರಾರು ವರ್ಷ ಮಣ್ಣಲ್ಲೇ ಇರುತ್ತದೆ. ತಾವು ಬಿಟ್ಟ ಹೊಗೆಯ ಲೆಕ್ಕ ಸರಿದೂಗಿಸಲು ದೂರದ ಕಂಪನಿಗಳು ಹೀಗೆ ಮಣ್ಣು ಸೇರಿದ ಕಾರ್ಬನ್ನಿಗೆ ಟನ್ ಲೆಕ್ಕದಲ್ಲಿ ದುಡ್ಡು ಕೊಡುತ್ತವೆ. ನಮ್ಮ ಸ್ಟಾರ್ಟಪ್ ನಡೆಯುವುದು ಆ ದುಡ್ಡಿನಿಂದ.

ಈಗ ನನ್ನ ಕೆಲಸ. ವರ್ಷಕ್ಕೆ ಬೇಕಾದ ಕಟ್ಟಿಗೆಯನ್ನು ಮೂರು ತಿಂಗಳಲ್ಲಿ ಕೂಡಿಹಾಕಬೇಕು, ಅದೂ 40 ಡಿಗ್ರಿ ಬಿಸಿಲಲ್ಲಿ. ಕತ್ತರಿಸದ ಕಟ್ಟಿಗೆ ಹೇರಿದರೆ ಲಾರಿ ತುಂಬುತ್ತದೆ, ಆದರೆ ಕಾಟಾ ಮೇಲೆ ತೂಕವೇ ಇರುವುದಿಲ್ಲ. ಡೀಸೆಲ್ ಸುಟ್ಟು ಗಾಳಿ ಸಾಗಿಸಿದ ಹಾಗೆ. ಅದಕ್ಕೇ ಕತ್ತರಿಸುವ ಯಂತ್ರವನ್ನೇ ಹೊಲಕ್ಕೆ ಕಳಿಸಬೇಕು. ಮಳೆಗೆ ಕಟ್ಟಿಗೆ ನೆನೆದರೆ ಭಟ್ಟಿ ಹೊಗೆ ಕಾರುತ್ತದೆ. ಆ ಹೊಗೆಯಲ್ಲಿ ಮೀಥೇನ್ ಇರುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಹಾಗಾಗಿ ಮಳೆಗೆ ಮುಂಚೆ ತಾಡಪತ್ರಿ ಹೊದಿಸುವುದೂ ಹವಾಮಾನದ ಕೆಲಸವೇ. ಇನ್ನು, ಕಾರ್ಬನ್ ಲೆಕ್ಕ ಕೊಳ್ಳುವ ಆ ಕಂಪನಿಗಳ ದುಡ್ಡು ತಪಾಸಣೆ ಎಲ್ಲ ಮುಗಿದು ಎಷ್ಟೋ ತಿಂಗಳಿಗೆ ಬರುತ್ತದೆ. ಕೂಲಿಯವರ ಬಟವಾಡೆ ಸಂತೆಯ ಹಿಂದಿನ ದಿನ ಆಗಲೇಬೇಕು. ಈ ಎರಡರ ನಡುವೆ ಸೇತುವೆ ಕಟ್ಟುವುದರಲ್ಲೇ ನನ್ನ ಅರ್ಧ ವರ್ಷ ಹೋಗುತ್ತದೆ.

ಒಮ್ಮೆ ಶಕ್ತಿನಗರದ ದಾರಿಯಲ್ಲಿ ಲಾರಿ ಡ್ರೈವರ್ ಒಬ್ಬರು ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ತೋರಿಸಿ ಕೇಳಿದರು. "ಮೇಡಂ, ಅಲ್ಲಿ ಅಷ್ಟು ಕಲ್ಲಿದ್ದಲು ಉರೀಲಿಕತ್ತದ. ನಿಮ್ಮ ಇದ್ದಿಲ ಚೀಲದಿಂದ ಏನಾಗ್ತದ್ರಿ?" ದೊಡ್ಡಪ್ಪನ ಪ್ರಶ್ನೆಗಿಂತ ಇದು ಎಷ್ಟೋ ವಾಸಿ. 1,720 ಮೆಗಾವಾಟಿನ ಆ ಸ್ಥಾವರದ ಹೊಗೆಯನ್ನು ನನ್ನ ಚೀಲಗಳು ಅಳಿಸುವುದಿಲ್ಲ. ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡಲೇಬೇಕು. ನಮ್ಮದು ಅದರ ಜೊತೆಗೆ ಆಗಬೇಕಾದ ಕೆಲಸ, ಅದರ ಬದಲಿಗೆ ಅಲ್ಲ. ಇಷ್ಟು ಚಿಕ್ಕ ಕೆಲಸ ಅಂದಮೇಲೆ ಅದು ಪೂರ್ತಿ ನಿಜ ಇರಬೇಕು. ಅದರಲ್ಲೂ ಸುಳ್ಳು ಸೇರಿದರೆ ಉಳಿಯುವುದೇನು?

ಹಾಗಾಗಿ ಜನ ನನ್ನನ್ನು ಬೇರೆ ಒಂದು ಪ್ರಶ್ನೆ ಕೇಳಲಿ ಅಂತ ಆಸೆ. "ಒಂದು ಟನ್ ಅಂತ ನೀವು ಬರೆದದ್ದು ಒಂದು ಟನ್ನೇ ಅಂತ ನಿಮಗೆ ಹೇಗೆ ಗೊತ್ತು?" ಊರಲ್ಲಿ ಯಾರೂ ಇದನ್ನು ಕೇಳಿಲ್ಲ. ನಾನೇ ಹೇಳುತ್ತೇನೆ.

ಎರಡು ಭಟ್ಟಿಯಿಂದ ಒಂಬತ್ತು ಭಟ್ಟಿಗೆ ಬೆಳೆದ ವರ್ಷ ಅದು. ಎಲ್ಲದಕ್ಕೂ ಅವಸರ. ಬಿಸಿ ಇದ್ದಿಲು ಪೂರ್ತಿ ಆರದಿದ್ದರೆ ರಾತ್ರಿ ಚೀಲದೊಳಗೇ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಭಟ್ಟಿಯಿಂದ ತೆಗೆದ ಕೂಡಲೇ ನೀರು ಹಾಕುತ್ತೇವೆ. ಒಂದು ಸಂಜೆ ಚೀಲ ತುಂಬುವ ಅಕ್ಕ ಒಬ್ಬರು ನನ್ನನ್ನು ಕರೆದರು. ಐವತ್ತು ದಾಟಿದವರು. ಸೆರಗನ್ನು ಸೊಂಟಕ್ಕೆ ಬಿಗಿದು ಚೀಲದ ಎರಡು ಮೂಲೆ ಹಿಡಿದು ನಿಂತಿದ್ದರು. ಮೊಣಕೈವರೆಗೂ ಮಸಿ. ಚೀಲವನ್ನು ಒಂದು ಗೇಣು ಎತ್ತಿ ಧೊಪ್ ಅಂತ ಬಿಟ್ಟರು. ತಳದ ಹೊಲಿಗೆಯಿಂದ ಕಪ್ಪು ನೀರು ಜಿನುಗಿ ನೆಲಕ್ಕೆ ಇಳಿಯಿತು.

"ಅಕ್ಕಾರ, ಈ ವಾರದ ಚೀಲ ಭಾಳ ವಜ್ಜೆ ಅವ್ರಿ. ನೀರು ಹೊತ್ತಂಗ ಆಗ್ಲಿಕತ್ತದ."

ಮರುದಿನ ಮಾದರಿ ತೆಗೆದು 105 ಡಿಗ್ರಿ ಓವನ್ನಿನಲ್ಲಿ ಇಟ್ಟೆವು. ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿದೆವು. ನೂರಕ್ಕೆ 40 ಪಾಲು ನೀರು! ಆ ವಾರದ ಲೆಕ್ಕದಲ್ಲಿ 18 ಟನ್ ಅಂತ ಬರೆದಾಗಿತ್ತು. ಒಣ ತೂಕ 11 ಟನ್ನಿಗೂ ಕಡಿಮೆ. ಒಣ ಇದ್ದಿಲಿನಲ್ಲಿ ನೂರಕ್ಕೆ 70 ಪಾಲು ಕಾರ್ಬನ್ ಇದ್ದರೆ, ಸಾಗಣೆ ಮತ್ತು ಹೊಗೆಯ ಕಡಿತಕ್ಕೆ ಮೊದಲು, ಒಂದು ಟನ್ನಿಗೆ ಸುಮಾರು 2.6 ಟನ್ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಬರುತ್ತದೆ, ಗಾಳಿಯಲ್ಲಿ ಕಾರ್ಬನ್ ಜೊತೆ ಆಮ್ಲಜನಕದ ತೂಕವೂ ಸೇರುತ್ತದಲ್ಲ. ಅವರು ಕರೆಯದಿದ್ದರೆ ಏಳು ಟನ್ ಕೊಳವೆಬಾವಿ ನೀರನ್ನು ನಾವು ಹವಾಮಾನದ ಹೆಸರಲ್ಲಿ ಮಾರಿಬಿಡುತ್ತಿದ್ದೆವು.

ಯಾರೋ ಮೋಸ ಮಾಡಿದ್ದಾರೆ ಅಂತ ಆಫೀಸಿನಲ್ಲಿ ಗದ್ದಲ ಶುರುವಾಯಿತು. ಯಾರೂ ಮೋಸ ಮಾಡಿರಲಿಲ್ಲ. ಚೀಲದ ತೂಕಕ್ಕೆ ಇಷ್ಟು ದುಡ್ಡು ಅಂತ ಪದ್ಧತಿ ಮಾಡಿದವಳು ನಾನು. ತೂಕಕ್ಕೆ ದುಡ್ಡು ಅಂದರೆ ಪೈಪಿನ ನೀರು ಎರಡು ನಿಮಿಷ ಜಾಸ್ತಿ ಹರಿಯುತ್ತದೆ. ಬೆಂಕಿಯ ಹೆದರಿಕೆ ಬೇರೆ ಇತ್ತು, ಹಾಗಾಗಿ ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಲೆಕ್ಕ ತಿದ್ದಿದೆವು. ಕೊಳ್ಳುವವರಿಗೆ ಕಡಿಮೆ ಸಂಖ್ಯೆ ಕಳಿಸಿದೆವು. ಆ ತ್ರೈಮಾಸಿಕ ನಮಗೆ ತುಂಬಾ ಕಷ್ಟವಾಯಿತು. ತೂಕದ ಕೂಲಿ ತೆಗೆದು ದಿನಗೂಲಿ ಮಾಡಿದೆವು, ಮೊದಲು ಕೈಗೆ ಬರುತ್ತಿದ್ದುದಕ್ಕಿಂತ ಕಡಿಮೆಯಾಗದ ಹಾಗೆ.

"ಹಂಗಾರ ಹೋದ ವಾರದ ರೊಕ್ಕ ವಾಪಸ್ ಕೊಡಬೇಕೇನ್ರಿ?" ಅಂತ ಆ ಅಕ್ಕ ಕೇಳಿದರು. ಬೇಡ ಅಂದೆ. ಆಗ ನನ್ನ ಗಂಟಲು ಕಟ್ಟಿತ್ತು.

ಈಗ ತೇವಾಂಶದ ವಹಿ ಅವರ ಸುಪರ್ದಿಯಲ್ಲಿದೆ. ಮಗಳು ಅಂಕಿ ಬರೆಯುತ್ತಾಳೆ, ಅವರು ಸಹಿ ಹಾಕುತ್ತಾರೆ. ಮೊದಲ ದಿನ ನಾನು ಚೀಲದ ಬಾಯಿ ಬಿಚ್ಚಿ ಮೇಲಿಂದ ಒಂದು ಹಿಡಿ ಇದ್ದಿಲು ತೆಗೆದುಕೊಂಡೆ. ಅವರು ನನ್ನ ಕೈ ತಡೆದರು.

"ಮ್ಯಾಲಿಂದು ತಗೊಂಡ್ರ ಒಣಗಿದ್ದೇ ಬರ್ತದ್ರಿ. ನೀರು ಕೆಳಗ ಇಳಿದಿರ್ತದ. ತಳಕ್ಕ ಕೈ ಹಾಕ್ರಿ."

ತೋಳು ಮಡಚಿ ಭುಜದವರೆಗೂ ಚೀಲದೊಳಗೆ ಕೈ ಇಳಿಸಿದೆ. ತಳ ತಣ್ಣಗೆ, ಒದ್ದೆಯಾಗಿತ್ತು. ಅವತ್ತಿನಿಂದ ಪ್ರತಿ ಚೀಲಕ್ಕೆ ಮೂರು ಮಾದರಿ: ಮೇಲೆ, ನಡುವೆ, ತಳ.