ಮತವಿಲ್ಲ, ಕಟ್ಟಿಗೆಯ ಪಾಲುಂಟು

"ಇವತ್ತು ಮೇಯರ್ ಮನೆಗೆ ಬಂದಿದ್ದರು" ಎಂದು ಫೋನಿನಲ್ಲಿ ಹೇಳಿದಾಗ ಶಿರಸಿಯಲ್ಲಿ ಆಯಿಗೆ ಗಾಬರಿ: "ಏನು ತಪ್ಪಾಯಿತೇ?" ತಪ್ಪೇನೂ ಇರಲಿಲ್ಲ. ಗಂಬೂಟು ಹಾಕಿಕೊಂಡು ನಮ್ಮ ಮನೆಯ ಮುಂದಿನ ಚರಂಡಿ ನೋಡಲು ಬಂದಿದ್ದರು, ಅಷ್ಟೆ.

ಪೂರ್ವ ಫ್ರಾನ್ಸಿನ ಜುರಾ ಬೆಟ್ಟಸಾಲಿನ ಈ ಊರಿನಲ್ಲಿ ಜನ ನೂರೆಂಬತ್ತು, ದನ ಅದಕ್ಕಿಂತ ಹೆಚ್ಚು. ಅಂಗಡಿಯಿಲ್ಲ, ಬ್ರೆಡ್ಡಿನ ವ್ಯಾನು ಹಾರ್ನ್ ಹೊಡೆಯುತ್ತ ಬರುತ್ತದೆ. ಆದರೆ ಮೇಯರ್ ಇದ್ದಾರೆ. ಫ್ರಾನ್ಸಿನಲ್ಲಿ ಇಂಥ ಸ್ಥಳೀಯ ಆಡಳಿತಗಳು, ಊರು ನಗರಗಳೆಲ್ಲ ಸೇರಿ, ಸುಮಾರು 35,000. ನಮ್ಮಷ್ಟು ದೊಡ್ಡ ಊರಿಗೆ ಹನ್ನೊಂದು ಸದಸ್ಯರು. ಮೇಯರನ್ನು ಆರಿಸುವವರು ಅವರೇ. ಮೂರು ಬಣ್ಣದ ಪಟ್ಟಿ ತೊಟ್ಟು ಮದುವೆ ಮಾಡಿಸುವುದೂ ಮೇಯರ್ ಕೆಲಸವೇ, ಚರ್ಚಿನ ಮದುವೆಯೊಂದೇ ಕಾನೂನಿಗೆ ಸಾಲದು. 1905ರ ಕಾನೂನಿನಿಂದಾಗಿ ಹಳೆಯ ಚರ್ಚು ಕೂಡ ಊರಿನ ಆಸ್ತಿ. ಪೂಜೆಗೆ ಎಂದೂ ಕಾಲಿಡದ ನಮ್ಮ ಮೇಯರ್, ಅದರ ಮಾಡು ಸೋರಿದರೆ ಮಾತ್ರ ನಿದ್ದೆಗೆಡುತ್ತಾರೆ.

ನನಗೆ ಇಲ್ಲಿ ಮತದ ಹಕ್ಕಿಲ್ಲ. ಪಕ್ಕದ ಮನೆಯ ಪೋರ್ಚುಗೀಸ್ ಗಾರೆಯವನಿಗೆ ಊರಿನ ಚುನಾವಣೆಯ ಮಟ್ಟಿಗೆ ಇದೆ, ಯುರೋಪ್ ಒಕ್ಕೂಟದವನಲ್ಲವೇ! ಎದುರುಮನೆಯ ಅಜ್ಜಿಗೆ ಬೇರೆಯೇ ಬೇಸರ. ಸಣ್ಣ ಊರುಗಳಲ್ಲಿ ಮತಪತ್ರದಲ್ಲಿ ಬೇಡದವರ ಹೆಸರಿಗೆ ಗೀಟು ಎಳೆಯುವ ಅವಕಾಶವಿತ್ತು. 2026ರ ಮಾರ್ಚ್ ಚುನಾವಣೆಯಿಂದ ಅದು ಹೋಯಿತು. ಗಂಡು ಹೆಣ್ಣು ಒಬ್ಬರಾದ ಮೇಲೊಬ್ಬರಂತೆ ಬರೆದ ಇಡೀ ಪಟ್ಟಿಗೇ ಮತ. "ನಲವತ್ತು ವರ್ಷದಿಂದ ಒಬ್ಬನನ್ನೇ ಹೊಡೆದು ಹಾಕುತ್ತಿದ್ದೆ" ಎನ್ನುತ್ತಾರೆ. ಯಾರನ್ನು ಎಂಬುದು ಊರಿಗೆಲ್ಲ ಗೊತ್ತು.

ಮತವಿಲ್ಲದಿದ್ದರೂ ಊರಿನ ಕಾಡಿನಲ್ಲಿ ನನಗೊಂದು ಪಾಲುಂಟು. ಇದಕ್ಕೆ ಅಫುವಾಜ್ ಎನ್ನುತ್ತಾರೆ. ಶರತ್ಕಾಲದಲ್ಲಿ ಕಚೇರಿಗೆ ಹೋಗಿ ಹೆಸರು ಬರೆಸಬೇಕು. ಅರಣ್ಯ ಇಲಾಖೆಯವರು ಗುರುತು ಹಾಕಿದ ಮರಗಳನ್ನು ಪಾಲು ಮಾಡಿ ಚೀಟಿ ಎತ್ತುತ್ತಾರೆ. ಕಡಿದ ಕಟ್ಟಿಗೆ ಸ್ವಂತ ಬಳಕೆಗೆ ಮಾತ್ರ, ಮಾರುವಂತಿಲ್ಲ. ಲೆಕ್ಕ ತಲೆಗಲ್ಲ, 'ಫೂ'ಗೆ. ಆ ಪದಕ್ಕೆ ಬೆಂಕಿ ಎಂದರ್ಥ. ಅಂದರೆ ಒಲೆಗೊಂದು ಪಾಲು. ಶಿರಸಿಯ ಕಡೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸೊಪ್ಪಿನ ಬೆಟ್ಟ ಅಡಿಕೆ ತೋಟಕ್ಕೆ ಅಂಟಿಕೊಂಡದ್ದು, ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ಇಲ್ಲಿ ಒಲೆ ಹೊತ್ತಿಸಿಕೊಂಡು ಊರಿನಲ್ಲಿ ನೆಲೆಸಿದರೆ ಸಾಕು. ಇದನ್ನು ಹೇಳಿದಾಗ ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ದರಕು ಯಾರು ಒಯ್ಯುತ್ತಾರೆ?" ಎಂದು ಕೇಳಿದಳು.

ಈ ಸಲ ಟೋಪಿಯೊಳಗೆ ಕೈ ಹಾಕಿದವಳು ನಾನು. ಸಿಕ್ಕಿದ್ದು ಇಳಿಜಾರಿನ ತಳದ ಪಾಲು. ಅದರ ಮೇಲಿನದು ಮೇಯರಿಗೆ. ಅವರು ಮೊದಲು ಕಡಿದರೆ ಮರ ನನ್ನ ಪಾಲಿನ ಮೇಲೆ ಉರುಳುತ್ತದೆ, ನಾನು ಮೊದಲು ಕಡಿಯೋಣವೆಂದರೆ ಟ್ರ್ಯಾಕ್ಟರ್ ಇರುವುದು ಅವರ ಬಳಿ.