ಓದೋಕಾಗದ ಅಕ್ಷರ

ಮಗಳ ಬಾಣಂತನಕ್ಕೆ ಅಂತ ಲಂಡನ್ನಿಗೆ ಬಂದು ಎರಡು ತಿಂಗಳಾಗಿತ್ತು. "ಅಮ್ಮ, ಒಂದಿನ ನೀನೂ ಹೊರಗೆ ಹೋಗ್ಬಾ, ಮಗುನ ನಾನು ನೋಡ್ಕೋತೀನಿ" ಅಂದ್ಳು, ಸರಿ ಅಂತ ಒಬ್ಳೇ ಟ್ರಫಾಲ್ಗರ್ ಸ್ಕ್ವೇರ್ ಕಡೆ ಹೋದೆ. ಜಿಟಿಜಿಟಿ ಮಳೆ, ಕಾಲು ಬೇರೆ ನೋಯ್ತಿತ್ತು, ಅಲ್ಲೇ ಪಕ್ಕದಲ್ಲಿದ್ದ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚಿನೊಳಗೆ ಹೋಗಿ ಕೂತೆ.

ಚರ್ಚಿನ ಕಿಟಕಿ ಅಂದ್ರೆ ಬಣ್ಣದ ಗಾಜು, ಸಂತರ ಚಿತ್ರ ಅಂತ ನನ್ನ ತಲೇಲಿತ್ತು. ಎದುರಿಗಿದ್ದ ಕಿಟಕೀಲಿ ಬಣ್ಣಾನೂ ಇಲ್ಲ, ಮನುಷ್ಯರೂ ಇಲ್ಲ. ಬರೀ ಬಿಳಿ ಗಾಜು, ಉದ್ದಕ್ಕೆ ಅಡ್ಡಕ್ಕೆ ಲೋಹದ ಗೆರೆಗಳು, ನಡುವೆ ಸ್ವಲ್ಪ ವಾಲಿದ ಒಂದು ಮೊಟ್ಟೆಯಾಕಾರ, ಅದರ ಸುತ್ತ ಆ ಗೆರೆಗಳೆಲ್ಲ ಬಾಗಿಬಿಟ್ಟಿವೆ, ಬಾವಿಗೆ ಕೊಡ ಬಿಟ್ಟ ತಕ್ಷಣ ನೀರಲ್ಲಿದ್ದ ರಾಟೆ ನೆರಳು ಅಲ್ಲಾಡುತ್ತಲ್ಲ, ಹಾಗೆ. ಮಳೆ ನಿಂತ ಮೇಲೂ ನಾನು ಎದ್ದಿಲ್ಲ.

ಮನೆಗೆ ಬಂದು ಹೇಳಿದ್ರೆ ಮಗಳು ಫೋನಲ್ಲಿ ಹುಡುಕಿ ಓದಿದ್ಳು. ಹಳೇ ಕಿಟಕಿ ಎರಡನೇ ಮಹಾಯುದ್ಧದ ಬಾಂಬಿಗೆ ಹೋಗಿತ್ತಂತೆ, ಇದನ್ನ ಹಾಕಿದ್ದು 2008ರಲ್ಲಿ. ಮಾಡಿದವರು ಶಿರಾಜೇ ಹೂಶಿಯಾರಿ ಅನ್ನೋ ಕಲಾವಿದೆ, ಜೊತೆಗೆ ಪಿಪ್ ಹಾರ್ನ್ ಅನ್ನೋ ಆರ್ಕಿಟೆಕ್ಟು. ಹೂಶಿಯಾರಿ ಹುಟ್ಟಿದ್ದು 1955ರಲ್ಲಿ, ಇರಾನಿನ ಶಿರಾಜ್‌ನಲ್ಲಿ, ಕವಿ ಹಾಫಿಜ್‌ನ ಗೋರಿ ಇರೋ ಊರು. 1974ರಲ್ಲಿ ಲಂಡನ್ನಿಗೆ ಬಂದವರು. ಮೊದಲು ಶಿಲ್ಪ ಮಾಡ್ತಿದ್ರು, ಆಮೇಲೆ ಪೇಂಟಿಂಗು. ಇವರ ಕೆಲಸದ ಹಿಂದೆ ಪರ್ಷಿಯನ್ ಸೂಫಿ ಕವಿ ರೂಮಿಯ ಕಾವ್ಯ ಇದೆ ಅಂದ್ಳು. ರೂಮಿಯ ಮಸ್ನವಿ ಅನ್ನೋ ದೊಡ್ಡ ಕಾವ್ಯ ಶುರುವಾಗೋದೇ ಜೊಂಡಿನ ಕೊಳಲಿಂದ, ತನ್ನನ್ನ ಜೊಂಡಿನ ಮೆಳೆಯಿಂದ ಕಡಿದು ತಂದ ದಿನದಿಂದ ಅದು ಅಳ್ತಾನೇ ಇದೆ ಅಂತ. ಆ ಅಳುಗೆ ಬೇಕಾಗಿದ್ದು ಉಸಿರು. ಹೂಶಿಯಾರಿಯವರೂ ನಾನು ನನ್ನ ಉಸಿರನ್ನ ಹಿಡಿಯೋಕೆ ಹೊರಟೆ ಅಂತಾನೇ ಹೇಳಿದಾರೆ.

ಮುಂದಿನ ಶನಿವಾರ ಅಳಿಯಂದ್ರು ಒಂದು ಗ್ಯಾಲರಿಗೆ ಕರ್ಕೊಂಡು ಹೋದ್ರು, ಹೂಶಿಯಾರಿಯವರ ಪೇಂಟಿಂಗ್ ನೋಡೋಕೆ. ದೂರದಿಂದ ನೋಡಿದ್ರೆ ದೊಡ್ಡ ಚೌಕದ ಮೇಲೆ ನೀಲಿ ಮಂಜು ಕವಿದ ಹಾಗಿತ್ತು, ಅಷ್ಟೇ. ಹತ್ತಿರ ಹೋದೆ, ಇನ್ನೂ ಹತ್ತಿರ ಹೋದೆ, ಮೂಗು ತಾಗೋವಷ್ಟು. ಮಂಜಲ್ಲ ಅದು, ಅಕ್ಷರ! ಪೆನ್ಸಿಲ್ಲಲ್ಲಿ ಇರುವೆಗಿಂತ ಸಣ್ಣಗೆ, ಸಾವಿರ ಸಾವಿರ ಸಲ. ಕ್ಯಾನ್ವಾಸನ್ನ ನೆಲದ ಮೇಲೆ ಹಾಸಿ ಬಗ್ಗಿ ಬರೀತಾರಂತೆ, ಎರಡೇ ಮಾತು, ಒಂದು ಹೌದು ಅನ್ನೋದು ಇನ್ನೊಂದು ಅಲ್ಲ ಅನ್ನೋದು, ಒಂದರ ಮೇಲೊಂದು, ಕೊನೆಗೆ ಯಾವುದನ್ನೂ ಓದೋಕಾಗಲ್ಲ.

ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ನಮ್ಮತ್ತೆ ರಾಮಕೋಟಿ ಬರೀತಿದ್ರು. ಹಳೇ ಡೈರಿಗಳಲ್ಲಿ, ದಿನಾ ಸಂಜೆ ದೀಪ ಹಚ್ಚಿದ ಮೇಲೆ, ಶ್ರೀರಾಮ ಶ್ರೀರಾಮ ಅಂತ, ಮುತ್ತು ಪೋಣಿಸಿದ ಹಾಗೆ. ಕೊನೇ ಮೂರು ವರ್ಷ ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣ್ತಿರ್ಲಿಲ್ಲ, ಆಪರೇಷನ್ ಬೇಡ ಅಂತ ಹಟ, ಆದ್ರೂ ಬರೆಯೋದು ಬಿಡ್ಲಿಲ್ಲ. ಬರೆದ ಗೆರೆ ಮೇಲೇ ಮತ್ತೆ ಬರೀತಿದ್ರು. ರಾಮನ ಮೇಲೆ ರಾಮ ಬಿದ್ದು ಬಿದ್ದು ಪುಟ ಪೂರ್ತಿ ಬೂದಿಬಣ್ಣ ಆಗಿರೋದು. ಅವರು ಹೋದ ಮೇಲೆ ನೆಟ್ಟಗೆ ಬರೆದ ಡೈರಿಗಳನ್ನ ದೇವಸ್ಥಾನಕ್ಕೆ ಕೊಟ್ವಿ. ಕೊನೇವನ್ನ ಮಾತ್ರ ಬರೀ ಗೀಚಿದ್ದು ಅಂತ ನಾನೇ ಬೇರೆ ತೆಗೆದಿಟ್ಟೆ. ನೀಲಿ ಕ್ಯಾನ್ವಾಸ್ ಮುಂದೆ ನಿಂತಾಗ ಆ ಪುಟಗಳೇ ಕಂಡ್ವು, ಒಂದೊಂದೂ.

ಅಳಿಯಂದ್ರಿಗೆ ಏನಂತ ಹೇಳೋದು, ಸುಮ್ನೆ ಬೆಂಚ್ ಮೇಲೆ ಕೂತ್ಕೊಂಡೆ.

ರಾತ್ರಿ ತಡೀಲಾರದೆ ಊರಿಗೆ ಫೋನ್ ಮಾಡಿದೆ, ಅಲ್ಲಿ ಆಗ ಬೆಳಗಿನ ಜಾವ. ಅಮ್ಮನ ಕೊನೇ ಡೈರಿಗಳು ಅಟ್ಟದ ಮೇಲಿದಾವಾ ಅಂತ ಕೇಳಿದ್ರೆ ಇವರು ಸ್ವಲ್ಪ ಹೊತ್ತು ಸುಮ್ನಿದ್ರು. "ಹಂಡೆ ಒಲೆಗೆ ಹಾಕಿದ್ವಲ್ಲ, ನೀನೇ ತೆಗೆದುಕೊಟ್ಟಿದ್ದು" ಅಂದ್ರು. ಆಮೇಲೆ ಅವರೇ ಮೆಲ್ಲಗೆ ಹೇಳಿದ್ರು, "ಅಮ್ಮ ಬರೆಯೋವಾಗ ಪಕ್ಕದಲ್ಲಿ ಕೂತ್ರೆ ಉಸಿರು ಕೇಳ್ತಿತ್ತು. ಒಂದು ಹೆಸರಿಗೆ ಒಂದು ಉಸಿರು. ಪುಟ ತಿರುವೋವಾಗ ಮಾತ್ರ ನಿಲ್ತಿತ್ತು."

ನಾನದನ್ನ ಕೇಳೇ ಇರ್ಲಿಲ್ಲ. ಆ ಹೊತ್ತಿಗೆ ಅಡುಗೆಮನೇಲಿ ಇರ್ತಿದ್ದೆ.